ಒಂದು ಪದ ತಿಂದ ಹದಿನೇಳು ದಿನ

ಕಳೆದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಗುಳೇದಗುಡ್ಡದಿಂದ ಒಬ್ಬ ತಾಯಿ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದರು. ಅವರ ಹಿರಿಯ ಮಗಳು ನಾಲ್ಕು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಅವರು ಚೀಲದಿಂದ ಇಪ್ಪತ್ತಾರು ಪುಟಗಳ ಒಂದು ಕಾಗದದ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಸಕ್ಕರೆ ಕಾಯಿಲೆಯ ಮಗನನ್ನು ಹೊಸ ಔಷಧವೊಂದರ ಅಧ್ಯಯನಕ್ಕೆ ಸೇರಿಸಲು ಸಹಿ ಮಾಡಬೇಕಾದ ಸಮ್ಮತಿ ಪತ್ರ ಅದು. ಮಡಚಿ ಗುರುತು ಮಾಡಿದ್ದ ನಾಲ್ಕನೆಯ ಪುಟವನ್ನು ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು: "ಅಕ್ಕಾರ, ನಮ್ಮ ಹುಡುಗನ್ನ ಕುರುಡ ಮಾಡ್ತೀವಂತ ಇದರಾಗ ಬರದಾರ್ರೀ. ಇದಕ್ಕ ನಾ ಹೆಂಗ ಸಹಿ ಹಾಕ್ಲಿ?"

ಆ ಸಾಲು ಹೀಗಿತ್ತು: "ಇದು ಯಾದೃಚ್ಛಿಕೀಕೃತ, ಉಭಯ ಅಂಧ, ಪ್ಲಸೀಬೊ ನಿಯಂತ್ರಿತ ಅಧ್ಯಯನವಾಗಿದ್ದು, ಭಾಗಿಗಳನ್ನು ಹಾಗೂ ಸಂಶೋಧಕರನ್ನು ಅಂಧಗೊಳಿಸಲಾಗುವುದು."

ನಾನು ಕನ್ನಡವನ್ನೇ ಪಾಠ ಮಾಡುವವಳು. ಹನ್ನೆರಡನೆಯ ವಯಸ್ಸಿನಿಂದ, ಅಂದರೆ ಇಪ್ಪತ್ತನಾಲ್ಕು ವರ್ಷಗಳಿಂದ, ಟೈಪ್ 1 ಮಧುಮೇಹದೊಂದಿಗೆ ಬದುಕುತ್ತಿರುವವಳು. ಆ ಸಾಲನ್ನು ಎರಡು ಸಲ ಓದಿದ ಮೇಲೆಯೇ ಅದು ಏನು ಹೇಳಲು ಹೊರಟಿದೆ ಎಂಬುದು ನನಗೂ ಹೊಳೆಯಿತು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುತ್ತದೆ ಎಂಬುದು ನಮ್ಮ ಕಡೆ ಪ್ರತಿ ಓಣಿಯೂ ಕಂಡುಂಡ ಸತ್ಯ. ಅಂಥ ಕಾಯಿಲೆಯ ಹದಿಮೂರು ವರ್ಷದ ಹುಡುಗನ ತಾಯಿಗೆ 'ಅಂಧಗೊಳಿಸಲಾಗುವುದು' ಎಂದು ಬರೆದು ಕೊಟ್ಟವರು, ಆ ಪದ ಅವಳ ಕಿವಿಯಲ್ಲಿ ಏನಾಗಿ ಕೇಳೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಯಾರಿಗೆ ನಿಜವಾದ ಔಷಧ, ಯಾರಿಗೆ ನೋಡಲು ಅದರಂತೆಯೇ ಇರುವ ಆದರೆ ಔಷಧವಿಲ್ಲದ ದ್ರವ, ಅಂದರೆ ಪ್ಲಸೀಬೊ, ಎಂಬುದು ಅಧ್ಯಯನ ಮುಗಿಯುವ ತನಕ ವೈದ್ಯರಿಗೂ ರೋಗಿಗೂ ತಿಳಿಯದಂತೆ ಗುಟ್ಟಾಗಿಡುತ್ತಾರೆ, ಅಷ್ಟೇ ಅದರ ಅರ್ಥ ಎಂದು ನಾನು ಹೇಳಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಆ ಉತ್ತರದಿಂದಲೇ ಎರಡನೆಯ ಪ್ರಶ್ನೆ ಹುಟ್ಟಿತು: "ಹಂಗಾರ ಸುಳ್ಳ ಔಷಧ ಕೊಟ್ಟು ಇನ್ಸುಲಿನ್ ಬಂದ್ ಮಾಡ್ತಾರೇನ್ರೀ?" ಇಲ್ಲ, ಇನ್ಸುಲಿನ್ ಒಂದು ಹೊತ್ತೂ ನಿಲ್ಲುವುದಿಲ್ಲ, ಎರಡೂ ಗುಂಪಿನವರಿಗೆ ಅದು ಮುಂದುವರಿಯುತ್ತದೆ, ಹೊಸ ಔಷಧವನ್ನಾಗಲಿ ಪ್ಲಸೀಬೊವನ್ನಾಗಲಿ ಅದರ ಜೊತೆಗೆ ಕೊಡುತ್ತಾರೆ. ಟೈಪ್ 1 ಇರುವವರಿಗೆ ಇನ್ಸುಲಿನ್ ನಿಲ್ಲಿಸುವುದೆಂದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಅಂಥ ಅಧ್ಯಯನಕ್ಕೆ, ಭಾಗಿಗಳ ಹಿತ ಕಾಯಲು ಇರುವ ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ. ಈ ಮಾತು ಆ ಕಾಗದದಲ್ಲಿ ಇತ್ತು, ಆದರೆ ಹನ್ನೊಂದನೆಯ ಪುಟದಲ್ಲಿ. ನಾಲ್ಕನೆಯ ಪುಟದಲ್ಲಿ ಹೆದರಿದ ತಾಯಿ ಹನ್ನೊಂದನೆಯ ಪುಟದವರೆಗೆ ಹೋಗಿರಲೇ ಇಲ್ಲ.

ಕಾಗದ ಕೈಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಹದಿನೇಳು ದಿನ ಎಂದರು. ಅಷ್ಟು ದಿನವೂ ಅದು ದೇವರ ಮನೆಯ ಮಾಡದಲ್ಲಿತ್ತು. ಯಾರನ್ನು ಕೇಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲ.

ಹದಿನೇಳು ದಿನ ಎಂದರೆ ಹೆಚ್ಚೇನಲ್ಲ ಎಂದು ಓದುವವರಿಗೆ ಅನಿಸಬಹುದು. ಆದರೆ ಆ ಅಧ್ಯಯನದ ನಿಯಮದ ಪ್ರಕಾರ ರೋಗ ಪತ್ತೆಯಾದ 100 ದಿನಗಳೊಳಗೆ ಮೊದಲ ಡೋಸ್ ಆಗಬೇಕಿತ್ತು. ಈ ಗಡುವು ಮನಬಂದಂತೆ ಇಟ್ಟದ್ದಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೇದೋಜೀರಕ ಗ್ರಂಥಿಯಲ್ಲಿರುವ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ರೋಗ ಪತ್ತೆಯಾದ ಹೊತ್ತಿಗೆ ಸಾಮಾನ್ಯವಾಗಿ ಅವುಗಳಲ್ಲಿ ಒಂದು ಪಾಲು ಇನ್ನೂ ಜೀವಂತವಾಗಿರುತ್ತದೆ, ಆ ಪಾಲೂ ತಿಂಗಳು ತಿಂಗಳಿಗೆ ಕರಗುತ್ತ ಹೋಗುತ್ತದೆ. ಉಳಿದದ್ದನ್ನು ಕಾಪಾಡುವ ಔಷಧವನ್ನು ಪರೀಕ್ಷಿಸಬೇಕಾದರೆ ಕಾಪಾಡಲು ಏನಾದರೂ ಉಳಿದಿರಬೇಕು. ಎಷ್ಟು ಉಳಿದಿದೆ ಎಂಬುದನ್ನು ರಕ್ತದಲ್ಲಿನ ಸಿ-ಪೆಪ್ಟೈಡ್ ಎಂಬ ಅಂಶವನ್ನು ಅಳೆದು ತಿಳಿಯುತ್ತಾರೆ. ಹೀಗೆ ಗಡುವಿಗೆ ವಿಜ್ಞಾನದ ಕಾರಣವಿದೆ, ಅದನ್ನು ನಾನು ಒಪ್ಪುತ್ತೇನೆ. ನನ್ನ ಸಂಕಟವೆಂದರೆ, ಆ 100 ದಿನಗಳನ್ನು ಎಣಿಸಿದವರು ದೊಡ್ಡ ಆಸ್ಪತ್ರೆಯಿಂದ ಅರ್ಧ ಗಂಟೆಯ ದೂರದಲ್ಲಿ ವಾಸಿಸುವ ರೋಗಿಯನ್ನು ಕಣ್ಣ ಮುಂದಿಟ್ಟುಕೊಂಡು ಎಣಿಸಿದ್ದರು. ಗುಳೇದಗುಡ್ಡದಲ್ಲಿ ಅದೇ 100 ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ನಾನು ಆ ತಾಯಿಯ ಬಾಯಿಂದ ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಹುಡುಗ ವಾರಗಟ್ಟಲೆ ನೀರು ಕುಡಿದು, ರಾತ್ರಿ ನಾಲ್ಕಾರು ಸಲ ಎದ್ದು, ಸೊರಗಿ ಹೋಗಿದ್ದ. ವಾಂತಿ, ಹೊಟ್ಟೆನೋವು ಎಂದು ಎರಡು ಕಡೆ ತೋರಿಸಿದಾಗ ಹೊಟ್ಟೆಯ ಔಷಧ ಸಿಕ್ಕಿತು; ಇಷ್ಟು ಸಣ್ಣ ಹುಡುಗನಿಗೆ ಶುಗರ್ ಇರಬಹುದೆಂದು ಯಾರೂ ಒಂದು ಹನಿ ರಕ್ತ ತೆಗೆದು ನೋಡಲಿಲ್ಲ. ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಬಾಗಲಕೋಟೆಗೆ ತಂದ ಮೇಲೆ ಕೀಟೊಅಸಿಡೋಸಿಸ್, ಅಂದರೆ ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೆ ಕುತ್ತಾಗುವ ಸ್ಥಿತಿ, ಎಂದು ತಿಳಿಯಿತು. ಎಣಿಕೆ ಆರಂಭವಾದದ್ದು ಅಂದಿನಿಂದ. ಒಂಬತ್ತು ದಿನ ಆಸ್ಪತ್ರೆ. ಆಮೇಲೆ ಸೂಜಿ ಹಿಡಿಯುವುದನ್ನು ಕಲಿಯುವುದು, ಲೋ ಆದಾಗ, ಅಂದರೆ ರಕ್ತದ ಸಕ್ಕರೆ ತೀರಾ ಇಳಿದಾಗ, ಸಕ್ಕರೆ ಕೊಡುವುದನ್ನು ಕಲಿಯುವುದು, ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ಹಸಿ ಮಡಿಕೆಯೊಳಗೆ ಇಡುವುದನ್ನು ಕಲಿಯುವುದು. ಇಂಥದೊಂದು ಅಧ್ಯಯನ ಬೆಂಗಳೂರಿನಲ್ಲಿ ನಡೆದಿದೆ ಎಂದು ತಪಾಸಣೆಯ ವೈದ್ಯರು ಹೇಳಿದ್ದು 58ನೆಯ ದಿನ. ಕಾಗದ ಕೈಸೇರಿದ್ದು 66ನೆಯ ದಿನ. ನನ್ನ ಮನೆಗೆ ಅವರು ಬಂದದ್ದು 83ನೆಯ ದಿನ.

ಆ ಮೊದಲ 58 ದಿನಗಳಲ್ಲಿ ಯಾರೂ ಹೇಳಲಿಲ್ಲವಲ್ಲ ಎಂದು ನಾನು ವೈದ್ಯರನ್ನು ದೂರುವುದಿಲ್ಲ. ಅವರಿಗೂ ಅದು ಪರಿಚಯದವರೊಬ್ಬರ ಫೋನಿನಿಂದ ಗೊತ್ತಾದದ್ದು. ನಮ್ಮ ದೇಶದಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿಗೆ 2007ರಿಂದ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಿದೆ, 2009ರಿಂದ ಅಲ್ಲಿ ನೋಂದಣಿ ಕಡ್ಡಾಯವೂ ಆಗಿದೆ. ಯಾವ ಆಸ್ಪತ್ರೆಯಲ್ಲಿ ಯಾವ ಅಧ್ಯಯನ, ಯಾರನ್ನು ಸಂಪರ್ಕಿಸಬೇಕು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಹುಡುಕುವವರಿಗೆ ರೋಗದ ವೈದ್ಯಕೀಯ ಹೆಸರು ಗೊತ್ತಿರಬೇಕು, ಎಲ್ಲಕ್ಕಿಂತ ಮೊದಲು ಅಂಥದೊಂದು ದಾಖಲೆ ಇದೆ ಎಂಬುದೇ ಗೊತ್ತಿರಬೇಕು. ಮಗ್ಗದ ಮನೆಯವರು ಅದನ್ನು ತೆರೆದು ನೋಡುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ತಾಯಿ ಒಪ್ಪಿದರು, ತಂದೆ ಒಪ್ಪಲಿಲ್ಲ. ಮರುದಿನ ನಾನೇ ಗುಳೇದಗುಡ್ಡಕ್ಕೆ ಹೋದೆ. "ನನ್ನ ಮಗನ ಮ್ಯಾಲ ಪ್ರಯೋಗ ಮಾಡಾಕ ಕೊಡೂದಿಲ್ರೀ" ಎಂದು ಅವರು ಮಗ್ಗದಿಂದ ಏಳದೆಯೇ ಹೇಳಿದರು. ಈ ಮಾತನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಡವರ ಮೇಲೆ, ಸರಿಯಾದ ಒಪ್ಪಿಗೆಯಿಲ್ಲದೆ, ಔಷಧಗಳನ್ನು ಪರೀಕ್ಷಿಸಿದ ಆರೋಪಗಳು ಈ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿವೆ, 2013ರಲ್ಲಿ ನಿಯಮಗಳು ಬಿಗಿಯಾದದ್ದು ಅದರಿಂದಲೇ. ಅವರ ಅನುಮಾನಕ್ಕೆ ಇತಿಹಾಸವಿದೆ. ಆದ್ದರಿಂದ ನಾನು ಧೈರ್ಯ ತುಂಬುವ ಮಾತಾಡದೆ ನಿಯಮಗಳನ್ನು ಹೇಳಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಅಧ್ಯಯನದಿಂದ ಹುಡುಗನಿಗೆ ಹಾನಿಯಾದರೆ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು, ಪರಿಹಾರವನ್ನೂ ಕೊಡಬೇಕು. ಯಾವ ದಿನ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಹೊರಬಂದನೆಂದು ಅವನ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಓದಲು ಬಾರದವರು ಸಹಿ ಮಾಡುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಜೊತೆಗಿರಬೇಕು. ತಂದೆತಾಯಿಯ ಸಹಿಯಷ್ಟೇ ಸಾಲದು, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು.

ಇನ್ನೊಂದು ಸಂಗತಿಯನ್ನೂ ಹೇಳಿದೆ. ನಿಮ್ಮ ಮಗ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಒಂದು ದಿನ ಪ್ರಯೋಗವೇ ಆಗಿತ್ತು. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗ ಮೊದಲ ಇಂಜೆಕ್ಷನ್ ಪಡೆದ. ಔಷಧ ಶುದ್ಧವಾಗಿರಲಿಲ್ಲ, ಹೇಳಿಕೊಳ್ಳುವ ಗುಣ ಕಾಣಲಿಲ್ಲ, ಅಲ್ಲಿಗೇ ನಿಲ್ಲಿಸಬೇಕಾಯಿತು. ಹನ್ನೆರಡು ದಿನಗಳ ನಂತರ, ಇನ್ನಷ್ಟು ಶುದ್ಧಗೊಳಿಸಿದ ಔಷಧವನ್ನು ಮತ್ತೆ ಕೊಟ್ಟಾಗ ಅವನ ರಕ್ತದ ಸಕ್ಕರೆ ಇಳಿಯಿತು. ಅದಕ್ಕೂ ಮೊದಲು ಈ ಕಾಯಿಲೆಯ ಮಕ್ಕಳಿಗೆ ಬದುಕಿನ ದಾರಿಯೇ ಇರಲಿಲ್ಲ. ಆ ಹುಡುಗ ಮುಂದೆ ಹದಿಮೂರು ವರ್ಷ ಬದುಕಿದ. ತಂದೆ ಕೇಳಿಸಿಕೊಂಡರು, ಆದರೆ ತಕ್ಷಣ ಏನೂ ಹೇಳಲಿಲ್ಲ.

ಅವರ ಮೌನಕ್ಕೆ ಇನ್ನೂ ಎರಡು ಕಾರಣಗಳಿದ್ದವು ಎಂಬುದು ಆಮೇಲೆ ಬಾಯಿಬಿಟ್ಟಾಗ ತಿಳಿಯಿತು. ಮೊದಲನೆಯದು ಕೂಲಿ. ಹೊಸದಾಗಿ ರೋಗ ಪತ್ತೆಯಾದವರ ಅಧ್ಯಯನಗಳಲ್ಲಿ ಔಷಧವನ್ನು ಹಲವು ದಿನ ಬಿಡದೆ ರಕ್ತನಾಳದ ಮೂಲಕ ಹನಿಸುವುದುಂಟು. ಈ ದಾರಿಯಲ್ಲಿ ಹೆಸರಾದ ಟೆಪ್ಲಿಜುಮಾಬ್ ಎಂಬ ಔಷಧವನ್ನು ಹದಿನಾಲ್ಕು ದಿನ ಸತತವಾಗಿ ಕೊಡಬೇಕು. ನಮ್ಮ ಹುಡುಗನದು ಬೇರೆ ಔಷಧವಾದರೂ ಕ್ರಮ ಹೆಚ್ಚುಕಡಿಮೆ ಅದೇ ಬಗೆಯದು. ಆಮೇಲೆ ಎರಡು ವರ್ಷದ ತನಕ ಮೂರು ಮೂರು ತಿಂಗಳಿಗೊಮ್ಮೆ ಹೋಗಿಬರಬೇಕಿತ್ತು. ರೈಲಿನ ಟಿಕೆಟ್ ಹಣ ಕೊಡುತ್ತಾರೆ ಎಂದು ಕಾಗದದಲ್ಲಿತ್ತು. ಆದರೆ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಇಳಿದು, ಆಸ್ಪತ್ರೆ ಮುಗಿಸಿ, ಮತ್ತೆ ರಾತ್ರಿಯಿಡೀ ಕುಳಿತು ಬರುವ ತಂದೆಯ ಮಗ್ಗ ಎರಡು ದಿನ ನಿಂತದ್ದಕ್ಕೆ ಯಾರು ಕೊಡುತ್ತಾರೆ ಎಂಬುದು ಅದರಲ್ಲಿರಲಿಲ್ಲ. ಹದಿನಾಲ್ಕು ದಿನ ಬೆಂಗಳೂರಿನಲ್ಲಿ ತಾಯಿ ಎಲ್ಲಿ ಮಲಗಬೇಕು, ಎಲ್ಲಿ ರೊಟ್ಟಿ ಬಡಿಯಬೇಕು ಎಂಬುದೂ ಇರಲಿಲ್ಲ.

ಎರಡನೆಯದು ಮಗಳ ಮದುವೆಯ ಮಾತುಕತೆ. ಮನೆಯಲ್ಲಿ ಒಬ್ಬನಿಗೆ ಶುಗರ್ ಇದೆ, ಬೆಂಗಳೂರಿಗೆ ತೋರಿಸಲು ಹೋಗುತ್ತಾರೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದರೆ ಹೆಣ್ಣು ನೋಡಲು ಬರುವವರು ಹಿಂದೆ ಸರಿಯುತ್ತಾರೆ ಎಂಬ ಭಯ. ನನಗೆ ಈ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. ನನ್ನ ಮದುವೆಯ ಮಾತು ಬಂದ ವರ್ಷಗಳಲ್ಲಿ ಅತಿಥಿಗಳು ಬಂದರೆ ಅವ್ವ ನನ್ನ ಇನ್ಸುಲಿನ್ ಡಬ್ಬಿಯನ್ನು ಹಿಟ್ಟಿನ ಡಬ್ಬಿಗಳ ಹಿಂದೆ ಬಚ್ಚಿಡುತ್ತಿದ್ದಳು. ಹೆಸರು ಗೋಪ್ಯವಾಗಿರುತ್ತದೆ ಎಂದು ಸಮ್ಮತಿ ಪತ್ರದಲ್ಲಿ ಬರೆದಿರುತ್ತಾರೆ, ಅದು ನಿಜವೂ ಹೌದು. ಆದರೆ ಆ ಗೋಪ್ಯತೆ ಕಡತದ್ದು. ಅಧ್ಯಯನದವರ ಫೋನ್ ಕರೆ ಬರುವುದು ಪಕ್ಕದ ಮನೆಯವರು ಕುಳಿತಿರುವ ಕಟ್ಟೆಯ ಮೇಲೆ.

ಇಲ್ಲಿ ನನ್ನದೇ ಅನುಭವವನ್ನು ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನಾನು ಬರೀ ಓದಿಕೊಟ್ಟವಳಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನಾನೂ ಒಂದು ಅಧ್ಯಯನಕ್ಕೆ ಸೇರಲು ಹೋಗಿದ್ದೆ, ದೂರದ ಊರಿನ ಒಂದು ಆಸ್ಪತ್ರೆಗೆ, ಅಪ್ಪನ ಜೊತೆಗೆ. ಹೊಸ ಬಗೆಯ ಇನ್ಸುಲಿನ್‌ನ ಪರೀಕ್ಷೆ ಅದು. ಅಪ್ಪ ಪಕ್ಕದಲ್ಲಿ ಕುಳಿತಿರುವಾಗಲೇ ಅಲ್ಲಿನವರು ನನಗೆ ಗರ್ಭಧಾರಣೆಯ ಪರೀಕ್ಷೆ ಮಾಡಬೇಕು ಎಂದರು, ಗರ್ಭ ನಿಲ್ಲದಂತೆ ಯಾವ ವಿಧಾನ ಬಳಸುತ್ತೀರಿ ಎಂದು ಕೇಳಿದರು. ಪ್ರಶ್ನೆ ಅಗತ್ಯವಾದದ್ದೇ, ಹುಟ್ಟಲಿರುವ ಮಗುವಿಗೆ ಹೊಸ ಔಷಧದಿಂದ ಏನಾಗುತ್ತದೆಂದು ತಿಳಿಯದಿರುವಾಗ ಆ ಎಚ್ಚರ ಬೇಕು. ಒಬ್ಬ ನರ್ಸ್ ನನ್ನನ್ನು ಪಕ್ಕದ ಕೋಣೆಗೆ ಕರೆದು ಕೇಳಿದ್ದರೆ ಸಾಕಾಗಿತ್ತು. ಅಪ್ಪ ಎದ್ದು ಹೊರಗೆ ಹೋದರು. ಬಾಗಲಕೋಟೆಗೆ ಮರಳುವ ತನಕ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ನನ್ನನ್ನು ಕೈಬಿಟ್ಟದ್ದು ಬೇರೆ ಕಾರಣಕ್ಕೆ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 9ರೊಳಗೆ ಇರಬೇಕೆಂಬ ನಿಯಮವಿತ್ತು, ನನ್ನದು 9.8 ಬಂತು. ಆಗ ನಾನು ಅರೆಕಾಲಿಕ ಉಪನ್ಯಾಸಕಿ, ಸಂಬಳ ಮೂರು ತಿಂಗಳಿಗೊಮ್ಮೆ, ರಕ್ತದ ಸಕ್ಕರೆ ನೋಡುವ ಸ್ಟ್ರಿಪ್ ಉಳಿಸಲು ದಿನಕ್ಕೊಂದೇ ಸಲ ಪರೀಕ್ಷಿಸಿಕೊಳ್ಳುತ್ತಿದ್ದೆ. ಸ್ಟ್ರಿಪ್ ಕೊಳ್ಳಲು ಶಕ್ತಿಯಿದ್ದವರ ಸಕ್ಕರೆ ಹತೋಟಿಯಲ್ಲಿರುತ್ತದೆ, ಹತೋಟಿಯಲ್ಲಿದ್ದವರು ಅಧ್ಯಯನಕ್ಕೆ ಆಯ್ಕೆಯಾಗುತ್ತಾರೆ, ಆಯ್ಕೆಯಾದವರಿಗೆ ಅಲ್ಲಿ ಸ್ಟ್ರಿಪ್ ಉಚಿತ. ಹೊಸ ಇನ್ಸುಲಿನ್ ಯಾರಿಗೆ ಹೆಚ್ಚು ಬೇಕಿತ್ತೋ ಅವರು ಬಾಗಿಲಲ್ಲೇ ಉಳಿದರು. ಲೋ ಆದದ್ದು ತಿಳಿಯದವರನ್ನು, ಇತ್ತೀಚೆಗೆ ಕೀಟೊಅಸಿಡೋಸಿಸ್ ಆದವರನ್ನು, ಮೂತ್ರಪಿಂಡ ಸೋತವರನ್ನು ಹಲವು ಅಧ್ಯಯನಗಳು ಹೊರಗಿಡುತ್ತವೆ. ಒಂದೊಂದಕ್ಕೂ ಸುರಕ್ಷತೆಯ ಕಾರಣವಿದೆ. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ನಮ್ಮ ಜಿಲ್ಲೆಯ ಟೈಪ್ 1 ರೋಗಿಗಳಲ್ಲಿ ಎಷ್ಟು ಜನ ಒಳಗೆ ಉಳಿದಾರು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಹೊರಗುಳಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಮ್ಮ ಚಿಕಿತ್ಸೆಯ ತಳಹದಿಯೇ ಡಿಸಿಸಿಟಿ ಎಂಬ ಅಧ್ಯಯನ. ಅಮೆರಿಕ ಮತ್ತು ಕೆನಡಾದ 1441 ಜನ ಅದರಲ್ಲಿದ್ದರು, ಬಹುತೇಕ ಎಲ್ಲರೂ ಬಿಳಿಯರು. 1983ರಲ್ಲಿ ಆರಂಭವಾಗಿ 1993ರಲ್ಲಿ ಮುಗಿದ ಆ ಕೆಲಸದಿಂದ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣಿನ ಹಾನಿ ಆರಂಭವಾಗುವ ಸಂಭವ 76 ಪ್ರತಿಶತ ಕಡಿಮೆಯಾಗುತ್ತದೆ ಎಂದು ತಿಳಿಯಿತು. ನನ್ನ ಕಣ್ಣುಗಳು ಇಂದು ಕಾಣುತ್ತಿರುವುದಕ್ಕೆ ನಾನು ಆ ಅಪರಿಚಿತರಿಗೆ ಋಣಿ. ಅವರು ಸರಾಸರಿ ಆರೂವರೆ ವರ್ಷ ಅಧ್ಯಯನದಲ್ಲಿದ್ದರೂ ಹೆಚ್ಚುಕಡಿಮೆ ಯಾರೂ ಬಿಟ್ಟುಹೋಗಲಿಲ್ಲ, 99 ಪ್ರತಿಶತ ಜನ ಕೊನೆಯ ತನಕ ಉಳಿದರು. ಬಿಗಿ ಚಿಕಿತ್ಸೆಯ ಗುಂಪಿನವರನ್ನು ತಿಂಗಳಿಗೊಮ್ಮೆ ಕಂಡು, ನಡುವೆ ಮತ್ತೆ ಮತ್ತೆ ಫೋನಿನಲ್ಲಿ ವಿಚಾರಿಸಿಕೊಂಡಿದ್ದರು ಎಂಬುದನ್ನು ಓದಿದಾಗ ಕಾರಣ ಅರ್ಥವಾಯಿತು. ಆದರೆ ಜೋಳದ ರೊಟ್ಟಿ ಉಂಡು, ಬಿಸಿಲಲ್ಲಿ ದುಡಿದು, ಮಡಿಕೆಯಲ್ಲಿ ಇನ್ಸುಲಿನ್ ಇಟ್ಟುಕೊಳ್ಳುವ ದೇಹದಲ್ಲಿ ಹೊಸ ಔಷಧ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅವರು ನಮಗಾಗಿ ತೋರಿಸಿಕೊಡಲಾರರು. ಟೆಪ್ಲಿಜುಮಾಬ್, ರೋಗ ಇನ್ನೂ ಬಾಯ್ದೆರೆಯದ ಹಂತದಲ್ಲಿ ಕೊಟ್ಟರೆ ಅದನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ ಎಂದು ತೋರಿಸಿದ 2019ರ ವರದಿಯಲ್ಲಿದ್ದವರು 76 ಜನ ಮಾತ್ರ. ರೋಗಿಗಳ ಬಂಧುಗಳ ರಕ್ತ ಪರೀಕ್ಷಿಸಿ ಅವರನ್ನು ಆರಿಸಿಕೊಂಡಿದ್ದರು. 2022ರ ನವೆಂಬರಿನಲ್ಲಿ ಅಮೆರಿಕ ಆ ಔಷಧಕ್ಕೆ ಅನುಮತಿ ಕೊಟ್ಟಿತು. ನಮ್ಮಲ್ಲಿ ಒಬ್ಬ ಮಗುವಿಗೆ ಟೈಪ್ 1 ಬಂದರೆ ಅದರ ತಮ್ಮ ತಂಗಿಯರ ರಕ್ತವನ್ನು ಆ ದೃಷ್ಟಿಯಿಂದ ನೋಡುವ ರೂಢಿಯೇ ಇಲ್ಲ.

ಹಳ್ಳಿಯವರನ್ನು ಅಧ್ಯಯನಕ್ಕೆ ಸೇರಿಸುವುದು ಕಷ್ಟ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ನೆರೆಯಲ್ಲಿಯೇ ಅದಕ್ಕೆ ಉತ್ತರವಿದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹೊರಗಿನ ವಿಶ್ವವಿದ್ಯಾಲಯಗಳ ಜೊತೆ ಸೇರಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. 1620 ಹೆಣ್ಣುಮಕ್ಕಳು ಭಾಗವಹಿಸಿದರು. ಅದರಲ್ಲಿಯೂ ಪ್ಲಸೀಬೊ ಇತ್ತು. ಮಾತ್ರೆ ಕೊಟ್ಟವರು ನಾವು ನರ್ಸಬಾಯಿ ಎಂದು ಕರೆಯುವ, ಊರಿನ ಪ್ರತಿ ಮನೆಯ ಬಾಗಿಲೂ ಗೊತ್ತಿರುವ ಎಎನ್‌ಎಂಗಳು. ರಕ್ತಸ್ರಾವ 12 ಪ್ರತಿಶತದಿಂದ 6.4 ಪ್ರತಿಶತಕ್ಕೆ ಇಳಿಯಿತು. 2006ರಲ್ಲಿ ಆ ಫಲಿತಾಂಶ ಜಗತ್ತಿನ ಮುಂದೆ ಬಂತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಸೀಮೆಯ ಹೆಣ್ಣುಮಕ್ಕಳು ಒಪ್ಪಿಗೆ ಕೊಟ್ಟದ್ದು ದೂರ ದೇಶಗಳ ಬಾಣಂತಿಯರಿಗೂ ನೆರವಾಯಿತು.

ರಕ್ತನಾಳದಲ್ಲಿ ಹನಿಸುವ ಔಷಧವನ್ನು ನರ್ಸಬಾಯಿ ಮನೆಯಲ್ಲಿ ಕೊಡಲಾಗದು ಎಂಬುದು ನನಗೆ ಗೊತ್ತು. ಸಿ-ಪೆಪ್ಟೈಡ್ ಪರೀಕ್ಷೆಯ ರಕ್ತವನ್ನು ತಂಪಾಗಿಟ್ಟು ಸಾಗಿಸಬೇಕೆಂಬುದೂ ಗೊತ್ತು. ಆದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯುವುದು, ತೂಕ ನೋಡುವುದು, ಸಕ್ಕರೆಯ ದಾಖಲೆ ಪಡೆಯುವುದು ಇಷ್ಟಕ್ಕೆ ಹದಿಮೂರರ ಹುಡುಗ ಶಾಲೆ ಬಿಟ್ಟು ರಾಜಧಾನಿಗೆ ಏಕೆ ಹೋಗಬೇಕು? ಆ ಭಾಗವನ್ನು ಇಲ್ಲಿಗೆ ತಂದರೆ ತಂದೆಯ ಮಗ್ಗ ಅರ್ಧ ದಿನವಷ್ಟೇ ನಿಲ್ಲುತ್ತದೆ.

87ನೆಯ ದಿನ ತಂದೆ ಒಪ್ಪಿದರು. ಅಂದು ಹುಡುಗನನ್ನೂ ಕೂರಿಸಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ನನಗ ಕೊಟ್ಟದ್ದು ಖರೆ ಔಷಧನೋ ನೀರೋ ಅಂತ ಕಡೀಕ ನನಗ ಹೇಳ್ತಾರೇನ್ರೀ?" ಇಪ್ಪತ್ತಾರು ಪುಟಗಳನ್ನು ತಿರುವಿ ಹಾಕಿದೆ, ಉತ್ತರ ಎಲ್ಲಿಯೂ ಇರಲಿಲ್ಲ. ಫೋನಿನಲ್ಲಿ ಕೇಳಿದಾಗ ಅಧ್ಯಯನದ ಹುಡುಗಿ, ಪಾಪ, ತಾನೂ ವಿಚಾರಿಸಿ ಹೇಳುವುದಾಗಿ ಹೇಳಿದಳು. ತಪಾಸಣೆಗೆ ಸಿಕ್ಕ ದಿನಾಂಕ 95ನೆಯ ದಿನಕ್ಕೆ ಬಿತ್ತು. ಎರಡು ಗಂಟೆಯ ಸಿ-ಪೆಪ್ಟೈಡ್ ಪರೀಕ್ಷೆಗೆ ಕುಡಿಯಲು ಕೊಟ್ಟ ಪಾನೀಯವನ್ನು ಅವನು ಪೂರ್ತಿ ಕುಡಿದ, ತೋಳಿನಲ್ಲಿ ಸೂಜಿ ಇಟ್ಟುಕೊಂಡೇ ಕುಳಿತಿದ್ದ ಎಂದು ತಾಯಿ ಹೇಳಿದರು. ಪರೀಕ್ಷೆಯ ಫಲಿತಾಂಶ ಬಂದದ್ದು 102ನೆಯ ದಿನ. ಅವನಲ್ಲಿ ಬೀಟಾ ಕೋಶಗಳು ಬೇಕಾದಷ್ಟು ಉಳಿದಿದ್ದವು. ಗಡುವು ದಾಟಿದ್ದರಿಂದ ಸೇರಿಸಿಕೊಳ್ಳಲಾಗುವುದಿಲ್ಲ ಎಂದು ತಿಳಿಸಿದರು.

ಹೋದ ತಿಂಗಳು ಆ ತಾಯಿ ಮತ್ತೆ ಬಂದಿದ್ದರು, ಮಗನ ತಪಾಸಣೆ ಮುಗಿಸಿಕೊಂಡು. ಸಮ್ಮತಿ ಪತ್ರದ ಒಂದು ಪ್ರತಿ ಇನ್ನೂ ನನ್ನಲ್ಲಿದೆ; ರಜೆಯಲ್ಲಿ ಅದನ್ನು ಪುಟ ಪುಟವಾಗಿ ನಮ್ಮ ಜನರಿಗೆ ತಿಳಿಯುವ ಕನ್ನಡಕ್ಕೆ ತರುತ್ತಿದ್ದೇನೆ, ಮುಗಿದ ಮೇಲೆ ಆ ಅಧ್ಯಯನದವರಿಗೂ ನೀತಿ ಸಮಿತಿಗೂ ಕಳಿಸಬೇಕೆಂದಿದ್ದೇನೆ. ನಾಲ್ಕನೆಯ ಪುಟದ ಆ ಸಾಲನ್ನು ನಾನು ಹೀಗೆ ಬರೆದಿದ್ದೆ: "ನಿಮ್ಮ ಮಗುವಿಗೆ ಕೊಡುತ್ತಿರುವುದು ಹೊಸ ಔಷಧವೋ ಅಲ್ಲವೋ ಎಂಬುದು ಅಧ್ಯಯನ ಮುಗಿಯುವ ತನಕ ನಿಮಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಎರಡರಲ್ಲಿ ಯಾವುದು ಬಂದರೂ ಇನ್ಸುಲಿನ್ ನಿಲ್ಲಿಸುವುದಿಲ್ಲ." ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ, ಕೊನೆಯವರೆಗೆ ಓದಿದರು.

"ಅವತ್ತ ಹಿಂಗ ಬರದಿದ್ರ, ಅವತ್ತ ತಿಳೀತಿತ್ತಲ್ರೀ ಅಕ್ಕಾರ" ಎಂದರು.